ದೇವರ ಹಿಂದಿನ ಬೀದಿ: ರಘುಬೀರ್ ಸಿಂಗ್ ಕಂಡ ಹಬ್ಬದ ಬಣ್ಣ

ಗೆಳೆಯರೇ, ಈ ಸಂಚಿಕೆಯ ವ್ಯಕ್ತಿ ಪರಿಚಯಕ್ಕೆ ನಾವು ಆರಿಸಿಕೊಂಡಿರೋದು ಒಬ್ಬ ಫೋಟೋಗ್ರಾಫರನ್ನ. ಹೆಸರು ರಘುಬೀರ್ ಸಿಂಗ್. ಹೆಸರು ಕೇಳಿದ ತಕ್ಷಣ ನಮ್ಮಲ್ಲಿ ಹೆಚ್ಚಿನವರು ರಘು ರಾಯ್ ಅಂದುಕೊಳ್ತಾರೆ. ಅಲ್ಲ, ಇವರೇ ಬೇರೆ. ಇಬ್ಬರೂ ಹುಟ್ಟಿದ್ದು 1942ರಲ್ಲಿ. ಇಬ್ಬರೂ ಕ್ಯಾಮೆರಾ ಹಿಡಿದು ಭಾರತದ ಬೀದಿಗಳನ್ನ ಸುತ್ತಿದವರು. ಆದರೆ ರಘು ರಾಯ್ ಅಂದ ಕೂಡಲೇ ನೆನಪಾಗುವ ಚಿತ್ರಗಳಲ್ಲಿ ಬಹಳಷ್ಟು ಕಪ್ಪು-ಬಿಳುಪಿನವು. ರಘುಬೀರ್ ಸಿಂಗ್ ಮಾತ್ರ ಬಣ್ಣ ಬಿಟ್ಟು ಆಚೆಗೆ ಹೋಗಲೇ ಇಲ್ಲ. ಅದೂ ಎಂಥ ಕಾಲದಲ್ಲಿ? ಬಣ್ಣದ ಫೋಟೋ ಅಂದರೆ ಕ್ಯಾಲೆಂಡರಿಗೆ, ಜಾಹೀರಾತಿಗೆ ಸರಿ, ಕಲೆಗೆ ಅಲ್ಲ ಅಂತ ದೊಡ್ಡ ದೊಡ್ಡವರೇ ನಂಬಿದ್ದ ಕಾಲದಲ್ಲಿ.

ಹಬ್ಬದ ಫೋಟೋ ತೆಗೆಯೋದು ಈಗ ನಮಗೆಲ್ಲ ಅಭ್ಯಾಸ. ಗಣಪತಿ ಕೂರಿಸಿದ ದಿನದಿಂದ ಬಿಡುವ ದಿನದವರೆಗೆ ಒಬ್ಬೊಬ್ಬರ ಫೋನಿನಲ್ಲೂ ನೂರಾರು ಚಿತ್ರ. ಹಾಗಿರುವಾಗ ಫಿಲಂ ಕಾಲದ ಮನುಷ್ಯನಿಂದ ನಾವು ಕಲಿಯೋದು ಏನಿದೆ ಅಂತ ಕೇಳಬಹುದು. ಇದೆ. ಹಬ್ಬ ನಡೆಯೋದು ಎಲ್ಲಿ ಅನ್ನುವ ಪ್ರಶ್ನೆಯನ್ನ ಅವರಷ್ಟು ಗಂಭೀರವಾಗಿ ಹಿಡಿದವರು ಕಡಿಮೆ.

ಮೊದಲು ಬದುಕಿನ ಕಥೆ. ಸಿಂಗ್ ಹುಟ್ಟಿದ್ದು ಜೈಪುರದ ರಜಪೂತ ಮನೆತನದಲ್ಲಿ. ಜಮೀನು, ದರ್ಬಾರು, ಸೈನ್ಯ ಇವುಗಳ ನಂಟಿದ್ದ ಮನೆ. ಸ್ವಾತಂತ್ರ್ಯ ಬಂದ ಮೇಲೆ ಅಂಥ ಮನೆಗಳ ಹಳೇ ವೈಭವ ಕರಗುತ್ತಾ ಬಂತು. ಹುಡುಗನಾಗಿದ್ದಾಗ ಮನೆಯಲ್ಲಿದ್ದ ಒಂದು ಪುಸ್ತಕ ಅವರ ಕೈಗೆ ಸಿಕ್ಕಿತು. ಅದು ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಆನ್ರಿ ಕಾರ್ಟಿಯೆ-ಬ್ರೆಸೋ ಅವರ ಚಿತ್ರಗಳಿದ್ದ 'ಬ್ಯೂಟಿಫುಲ್ ಜೈಪುರ್'. ತಾನು ದಿನಾ ಓಡಾಡುವ ಬೀದಿ, ದಿನಾ ನೋಡುವ ಜನ ಒಂದು ಪುಸ್ತಕದ ಪುಟಗಳಲ್ಲಿ ಕೂತಿದ್ದರು. ಊರು ಅನ್ನೋದು ಹೀಗೂ ನೋಡುವಂಥದ್ದು ಅಂತ ಆ ಹುಡುಗನಿಗೆ ಹೊಳೆದದ್ದು ಅಲ್ಲೇ.

ಓದಿನ ಕಥೆ ನಮ್ಮ ಕಾಲೇಜಿನ ಕೆಲವರಿಗೆ ಹತ್ತಿರದ್ದು ಅನ್ನಿಸಬಹುದು. ಜೈಪುರದ ಶಾಲೆ ಮುಗಿಸಿ ದೆಹಲಿಯ ಹಿಂದೂ ಕಾಲೇಜಿಗೆ ಸೇರಿದರು, ಮೊದಲ ವರ್ಷದಲ್ಲೇ ಬಿಟ್ಟರು. ಅಣ್ಣ ಚಹಾ ಕಂಪನಿಯ ಕೆಲಸ ಹಿಡಿದಿದ್ದರು. ತಮ್ಮನೂ ಅದೇ ದಾರಿಯಲ್ಲಿ ಕಲ್ಕತ್ತಾಕ್ಕೆ ಹೋದರು. ಆ ಕಾಲದಲ್ಲಿ ಚಹಾ ಕಂಪನಿಯ ಕೆಲಸ ಅಂದರೆ ಇವತ್ತಿನ ದೊಡ್ಡ ಐಟಿ ಕಂಪನಿಯ ಪ್ಲೇಸ್‌ಮೆಂಟ್ ಇದ್ದ ಹಾಗೆ: ಸಂಬಳ, ಬಂಗಲೆ, ಗೌರವ ಎಲ್ಲ ಇರ್ತಿತ್ತು. ಸಿಂಗ್‌ಗೆ ಆ ಕೆಲಸ ಸಿಗಲಿಲ್ಲ, ಆದರೆ ಅವರು ವಾಪಸ್ ಬಸ್ಸು ಹತ್ತಲೂ ಇಲ್ಲ. ಕೈಯಲ್ಲಿದ್ದ ಕ್ಯಾಮೆರಾ ಹಿಡಿದು ಕಲ್ಕತ್ತಾದ ಬೀದಿಗಿಳಿದರು.

ಕಲ್ಕತ್ತಾ ಅವರಿಗೆ ಕಾಲೇಜು ಕೊಡದ ಶಿಕ್ಷಣ ಕೊಟ್ಟಿತು. ಆ ಊರಿನ ಚರಿತ್ರೆ, ಅಡುಗೆ, ಹರಟೆ ಎಲ್ಲ ಬಲ್ಲ ಆರ್. ಪಿ. ಗುಪ್ತ ಅವರ ಸ್ನೇಹ ಆಯಿತು. ಅವರ ಮೂಲಕ ಕಲಾವಿದರ ಬಳಗ, ಆ ಬಳಗದಲ್ಲಿ ಸತ್ಯಜಿತ್ ರಾಯ್. ಒಂದು ಚೌಕಟ್ಟಿನೊಳಗೆ ಮನುಷ್ಯರನ್ನ ಅವರ ಮನೆ, ಬೀದಿ, ಸಾಮಾನು ಸರಂಜಾಮಿನ ಸಮೇತ ಹೇಗೆ ಕೂರಿಸಬೇಕು ಅನ್ನೋದಕ್ಕೆ ರಾಯ್ ಸಿನಿಮಾಗಳು ಸಿಂಗ್‌ಗೆ ದೊಡ್ಡ ಪಾಠ. ಮುಂದೆ 1981ರಲ್ಲಿ ಸಿಂಗ್ ಅವರ 'ರಾಜಸ್ಥಾನ್' ಪುಸ್ತಕ ಬಂದಾಗ ಅದಕ್ಕೆ ಮುನ್ನುಡಿ ಬರೆದದ್ದು ಇದೇ ಸತ್ಯಜಿತ್ ರಾಯ್.

1966ರಲ್ಲಿ ಇನ್ನೊಂದು ಘಟನೆ ನಡೆಯಿತು. ಕಾರ್ಟಿಯೆ-ಬ್ರೆಸೋ ಮತ್ತೆ ಜೈಪುರಕ್ಕೆ ಬಂದರು. ಪುಸ್ತಕದಲ್ಲಿ ಕಂಡಿದ್ದ ಗುರು ಈಗ ಕಣ್ಣೆದುರಿಗೆ. ಅವರು ಕೆಲಸ ಮಾಡುವ ಬಗೆಯನ್ನ ಸಿಂಗ್ ಕೆಲವು ದಿನ ಹತ್ತಿರದಿಂದ ನೋಡಿದರು. ಸಣ್ಣ ಕ್ಯಾಮೆರಾ, ಸದ್ದಿಲ್ಲದ ಓಡಾಟ, ಜನರ ನಡುವೆಯೇ ಇದ್ದು ಗಮನಕ್ಕೆ ಬಾರದಂತಿರುವುದು, ಎಲ್ಲ ಕೂಡಿ ಬರುವ ಒಂದು ಗಳಿಗೆಗಾಗಿ ಕಾಯುವುದು. ಇದನ್ನೆಲ್ಲ ಸಿಂಗ್ ಕಲಿತರು. ಆದರೆ ಒಂದು ವಿಷಯದಲ್ಲಿ ಗುರುವಿನ ದಾರಿ ಬಿಟ್ಟರು. ಕಾರ್ಟಿಯೆ-ಬ್ರೆಸೋ ಅವರದು ಕಪ್ಪು-ಬಿಳುಪಿನ ಲೋಕ. ಬಣ್ಣವನ್ನ ಅವರು ಒಪ್ಪುತ್ತಿರಲಿಲ್ಲ. ಶಿಷ್ಯನಿಗೆ ಬಣ್ಣವೇ ಬೇಕಾಯಿತು.

ಅದು ಬರೀ ರುಚಿಯ ವಿಷಯ ಆಗಿರಲಿಲ್ಲ. ಸಿಂಗ್ ವಾದವನ್ನ ನಮ್ಮ ಮಾತಿನಲ್ಲಿ ಹೇಳೋದಾದರೆ ಹೀಗೆ: ಎರಡನೇ ಮಹಾಯುದ್ಧದ ನಂತರದ ಪಾಶ್ಚಾತ್ಯ ಫೋಟೋಗ್ರಫಿಯಲ್ಲಿ ಒಂಟಿತನ, ಅಪರಾಧಪ್ರಜ್ಞೆ, ಸಾವು ಇವೇ ದೊಡ್ಡ ವಿಷಯಗಳು. ಅದಕ್ಕೆ ಕಪ್ಪು-ಬಿಳುಪು ಹೊಂದುತ್ತದೆ. ನಮ್ಮಲ್ಲಿ ಹಾಗಲ್ಲ. ಮೊಘಲ್, ರಜಪೂತ್ ಕಿರುಚಿತ್ರಗಳಿಂದ ಹಿಡಿದು ಅಂಗಳದ ರಂಗೋಲಿಯವರೆಗೆ, ಮದುವೆಯಿಂದ ಹಿಡಿದು ಮಸಣದ ಮೆರವಣಿಗೆಯವರೆಗೆ ಬಣ್ಣ ಇಲ್ಲದ ಕೆಲಸವೇ ಇಲ್ಲ. ಹಾಗಾಗಿ ಫೋಟೋಗ್ರಫಿ ಈ ನೆಲದಲ್ಲಿ ಹುಟ್ಟಿದ್ದರೆ ಬಣ್ಣ ಬೇಕೋ ಬೇಡವೋ ಅನ್ನುವ ಜಗಳಕ್ಕೆ ಜಾಗವೇ ಇರುತ್ತಿರಲಿಲ್ಲ ಅನ್ನೋದು ಅವರ ನಂಬಿಕೆ. 1998ರ 'ರಿವರ್ ಆಫ್ ಕಲರ್' ಪುಸ್ತಕದ ಪ್ರಸ್ತಾವನೆಯಲ್ಲಿ ಇದನ್ನ ವಿವರವಾಗಿ ಬರೆದರು. ಆದರೆ ಅಷ್ಟರೊಳಗೆ ಮೂವತ್ತು ವರ್ಷ ಅದನ್ನ ಕೈಯಲ್ಲಿ ಮಾಡಿ ತೋರಿಸಿಬಿಟ್ಟಿದ್ದರು. ಅಮೆರಿಕದಲ್ಲಿ ಬಣ್ಣದ ಫೋಟೋಗೆ ಕಲೆಯ ಮಾನ್ಯತೆ ತಂದ ಘಟನೆ ಅಂತ ಎಲ್ಲರೂ ಹೇಳೋದು 1976ರಲ್ಲಿ ನ್ಯೂಯಾರ್ಕಿನ ಮೋಮಾದಲ್ಲಿ ನಡೆದ ವಿಲಿಯಂ ಎಗಲ್‌ಸ್ಟನ್ ಪ್ರದರ್ಶನವನ್ನ. ಸಿಂಗ್ ಅವರ 'ಗಂಗಾ' ಬಂದದ್ದು 1974ರಲ್ಲಿ, 'ಕಲ್ಕತ್ತಾ' 1975ರಲ್ಲಿ.

ಈಗ ಸ್ವಲ್ಪ ಟೆಕ್ನಿಕಲ್ ಮಾತು. ನಮ್ಮದು ಎಂಜಿನಿಯರಿಂಗ್ ಕಾಲೇಜು ತಾನೇ!

ಆಗ ನಮ್ಮ ದೇಶದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಕಪ್ಪು-ಬಿಳುಪು ಫಿಲಂ ಜನಪ್ರಿಯ. ಕಲರ್ ಫಿಲಂ ಹೊರಗಿನಿಂದ ಬರಬೇಕು, ದುಬಾರಿ ಬೇರೆ. ವಿದೇಶಿ ಪತ್ರಿಕೆಗಳ ಕೆಲಸ ಹಿಡಿದವರಿಗೆ ಅದು ಸಿಗುವ ದಾರಿ ಇತ್ತು. ಸಿಂಗ್ ಆ ದಾರಿ ಹಿಡಿದರು. 'ಲೈಫ್' ಪತ್ರಿಕೆ ಅರವತ್ತರ ದಶಕದಲ್ಲೇ ವಿದ್ಯಾರ್ಥಿ ಚಳವಳಿಯ ಅವರ ಚಿತ್ರಗಳನ್ನ ಪ್ರಕಟಿಸಿತ್ತು. ಆಮೇಲೆ 'ನ್ಯಾಷನಲ್ ಜಿಯಾಗ್ರಫಿಕ್', 'ನ್ಯೂಯಾರ್ಕ್ ಟೈಮ್ಸ್' ಮುಂತಾದವು ಅವರಿಗೆ ಕೆಲಸ ಕೊಟ್ಟವು.

ಅವರು ಬಳಸುತ್ತಿದ್ದದ್ದು 35 ಎಂ.ಎಂ. ಕ್ಯಾಮೆರಾ, ಅದರಲ್ಲಿ ಸ್ಲೈಡ್ ಫಿಲಂ. ಆ ಕಾಲದ ಸ್ಲೈಡ್ ಫಿಲಂಗಳ ರಾಜ ಕೊಡಾಕ್ರೋಮ್. ಇದರ ರಚನೆ ವಿಚಿತ್ರ. ಫಿಲಂನಲ್ಲಿರೋದು ಮೂರು ಕಪ್ಪು-ಬಿಳುಪು ಪದರ. ಕೆಂಪು, ಹಸಿರು, ನೀಲಿ ಬೆಳಕನ್ನ ಒಂದೊಂದು ಪದರ ಹಿಡಿಯುತ್ತೆ. ಬಣ್ಣದ ವಸ್ತು ಸೇರೋದು ಆಮೇಲೆ, ಲ್ಯಾಬಿನಲ್ಲಿ ಡೆವಲಪ್ ಮಾಡುವಾಗ. ಆ ಪ್ರಕ್ರಿಯೆ ಎಷ್ಟು ಜಟಿಲ ಅಂದರೆ ಸ್ವಂತ ಡಾರ್ಕ್‌ರೂಮಿನಲ್ಲಿ ಮಾಡೋದು ಆಗದ ಮಾತು. ರೋಲು ಲ್ಯಾಬಿಗೆ ಕಳಿಸಬೇಕು, ಕಾಯಬೇಕು. ಒಂದು ರೋಲಿಗೆ 36 ಚಿತ್ರ. ಸ್ಲೈಡ್ ಆದ್ದರಿಂದ ಎಕ್ಸ್‌ಪೋಷರ್ ಸ್ವಲ್ಪ ತಪ್ಪಿದರೂ ಮುಗೀತು, ಪ್ರಿಂಟ್ ಮಾಡುವಾಗ ಸರಿಮಾಡ್ತೀನಿ ಅನ್ನೋ ಹಾಗಿಲ್ಲ.

ವೇಗವೂ ಕಡಿಮೆ. ಕೊಡಾಕ್ರೋಮ್ 64ರ ಐ.ಎಸ್.ಓ. ಬರೀ 64. ನಮ್ಮ ಫೋನುಗಳು ರಾತ್ರಿ ಹೊತ್ತು ಸಾವಿರ, ಎರಡು ಸಾವಿರಕ್ಕೆ ಸಲೀಸಾಗಿ ಏರುತ್ತವೆ. ಲೆಕ್ಕ ಹಾಕಿ ನೋಡಿ: 64ರಿಂದ 2048ಕ್ಕೆ ಐದು ಸ್ಟಾಪ್, ಅಂದರೆ 32 ಪಟ್ಟು ಬೆಳಕಿನ ವ್ಯತ್ಯಾಸ. ನಡುಹಗಲಿನ ಬಿಸಿಲಲ್ಲಿ 64 ಸಾಕು. ಸಂಜೆಯ ಮೆರವಣಿಗೆ, ಜನ ಕುಣಿಯುತ್ತಿದ್ದಾರೆ, ದೀಪದ ಬೆಳಕು ಮಾತ್ರ ಇದೆ ಅಂದರೆ ಕೈ ನಡುಗಬಾರದು, ಎದುರಿಗಿನವನೂ ಒಂದು ಕ್ಷಣ ನಿಲ್ಲಬೇಕು. ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಹಬ್ಬದ ಗದ್ದಲವನ್ನ ಹಿಡಿಯೋದು ಅಂದರೆ ಬೆಳಕು ಎಲ್ಲಿ ಬೀಳುತ್ತೆ, ಜನ ಯಾವ ಕಡೆಯಿಂದ ಬರ್ತಾರೆ ಅಂತ ಮೊದಲೇ ಊಹಿಸಿ ಜಾಗ ಹಿಡಿದು ನಿಲ್ಲಬೇಕು.

ಹಾಗೆ ನಿಂತು ಅವರು ಕಂಡದ್ದಾದರೂ ಏನು? ಮತ್ತೆ ಕಲ್ಕತ್ತಾಕ್ಕೇ ಬರೋಣ.

ನಮ್ಮ ಮೈಸೂರಿನಲ್ಲಿ ವಿಜಯದಶಮಿಯ ದಿನ ಅಂಬಾರಿ ಹೊರಡುತ್ತೆ. ಕಲ್ಕತ್ತಾದಲ್ಲಿ ಅದೇ ಹೊತ್ತಿಗೆ ಹತ್ತು ಕೈಯ ದುರ್ಗೆ ಲಾರಿ ಹತ್ತಿ ಘಾಟಿನ ಕಡೆ ಹೊರಡುತ್ತಾಳೆ. ಕುಮಾರಟುಲಿಯ ಗಲ್ಲಿಗಳಲ್ಲಿ ಹುಲ್ಲು ಕಟ್ಟಿ, ಹೊಳೆಯ ಜೇಡಿಮಣ್ಣು ಮೆತ್ತಿ, ಬಣ್ಣ ಬಳಿದು, ಕಣ್ಣು ಬರೆದ ಮೂರ್ತಿ ಅದು. ಢಾಕ್ ಬಡಿತದ ನಡುವೆ ಹೂಗ್ಲಿ ನದಿಯಲ್ಲಿ ಮುಳುಗಿ ಮತ್ತೆ ಮಣ್ಣಾಗುತ್ತೆ. ಬೇರೆಯವರಾದರೆ ದೇವಿಯ ಮುಖಕ್ಕೆ ಹತ್ತಿರ ಹೋಗಿ ಒಂದು ಸುಂದರ ಚಿತ್ರ ತೆಗೆದು ಮನೆಗೆ ಹೋಗ್ತಾರೆ. ಸಿಂಗ್ ಕಣ್ಣು ಹಿಂದಕ್ಕೆ ಸರಿಯುತ್ತಿತ್ತು. ಅವರಿಗೆ ಮೂರ್ತಿ ಹೊತ್ತವರು ಬೇಕು, ಪಕ್ಕದಲ್ಲಿ ನಿಂತ ಬಸ್ಸು ಬೇಕು, ಗೋಡೆಯ ಮೇಲಿನ ರಾಜಕೀಯ ಬರಹ ಬೇಕು, ಹಬ್ಬಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ನಡೆದು ಹೋಗುವ ದಾರಿಹೋಕನೂ ಬೇಕು. 1988ರಲ್ಲಿ ಅವರು ಕಲ್ಕತ್ತಾದ ಮೇಲೆ ಮತ್ತೊಂದು ಪುಸ್ತಕ ತಂದರು. ಹೆಸರೇ ಮನೆ ಮತ್ತು ಬೀದಿ ಅಂತ: 'ಕ್ಯಾಲ್ಕಟಾ: ದಿ ಹೋಮ್ ಅಂಡ್ ದಿ ಸ್ಟ್ರೀಟ್'.

ಇದನ್ನ ಅರ್ಥ ಮಾಡಿಕೊಳ್ಳೋಕೆ ಅವರ ಕೆಲವು ಚಿತ್ರಗಳನ್ನ ನೋಡಬೇಕು. 1968ರ ಒಂದು ಚಿತ್ರದಲ್ಲಿ ಹೌರಾ ಸೇತುವೆಯ ಕೆಳಗೆ ಮಾರ್ವಾಡಿ ಮದುಮಕ್ಕಳು, ನದಿಯ ಪೂಜೆ ಮುಗಿಸಿದ್ದಾರೆ. ಮದುವೆಯ ಕೆಂಪು ಒಂದು ಕಡೆ, ಆ ಉಕ್ಕಿನ ಸೇತುವೆ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಅಸಲಿ ಕಲ್ಕತ್ತಾ ಅಂತ ಕೇಳಿದರೆ ಎರಡೂ. 1991ರಲ್ಲಿ ಹೌರಾದ ಫುಟ್‌ಪಾತಿನ ಕನ್ನಡಿ ಅಂಗಡಿಯ ಚಿತ್ರ ತೆಗೆದರು. ಮಾರಾಟಕ್ಕಿಟ್ಟ ಕನ್ನಡಿಗಳ ತುಂಬ ಬೀದಿಯೇ ಚೂರುಚೂರಾಗಿ ಕಾಣುತ್ತೆ. ಎದುರಿಗಿರೋದು ಯಾವುದು, ಬೆನ್ನ ಹಿಂದಿರೋದು ಯಾವುದು ಅಂತ ತಿಳಿಯೋಕೆ ಸ್ವಲ್ಪ ಹೊತ್ತು ಬೇಕು.

ಕಲ್ಕತ್ತಾದಲ್ಲಿ ಕಲಿತ ಈ ನೋಟವನ್ನ ಅವರು ಬೇರೆ ಊರುಗಳಿಗೂ ಒಯ್ದರು. 1977ರ ಕುಂಭಮೇಳಕ್ಕೆ ಪ್ರಯಾಗಕ್ಕೆ ಹೋದಾಗ ತೆಗೆದ ಒಂದು ಚಿತ್ರದಲ್ಲಿ ಯಾತ್ರಿಕನ ಜೊತೆ ಇರೋದು ಅಂಬಾಸಿಡರ್ ಕಾರು. ಕಾಶಿಯ ಚಿತ್ರ ಅಂದರೆ ನಾವು ಸೂರ್ಯೋದಯ, ದೋಣಿ, ಸಾಧು ಅಂದುಕೊಳ್ತೀವಿ. 1985ರಲ್ಲಿ ಸಿಂಗ್ ತೆಗೆದದ್ದು ಗಂಗೆಯ ಪ್ರವಾಹಕ್ಕೆ ಹಾರುತ್ತಿರುವ ಮನುಷ್ಯನನ್ನ. ಅವನಿನ್ನೂ ಗಾಳಿಯಲ್ಲೇ ಇದ್ದಾನೆ. ಪುಣ್ಯಸ್ನಾನದ ನದಿಯೂ ಅದೇ, ಮನೆಗಳಿಗೆ ನುಗ್ಗುವ ನದಿಯೂ ಅದೇ, ಹುಡುಗರು ಈಜು ಕಲಿಯುವ ನದಿಯೂ ಅದೇ. 1987ರಲ್ಲಿ ಕಾಶಿಯ ಪುಸ್ತಕ ಬಂತು.

ಬೊಂಬಾಯಿಗೆ ಬಂದಾಗ ಇದು ಇನ್ನೂ ದಟ್ಟವಾಯಿತು. ಅಲ್ಲಿನ ಸಾರ್ವಜನಿಕ ಗಣೇಶೋತ್ಸವದ ಕಥೆ ನಮಗೆ ಗೊತ್ತಿರೋದೇ, 1893ರ ಹೊತ್ತಿಗೆ ತಿಲಕರು ಅದನ್ನ ಮನೆಯಿಂದ ಬೀದಿಗೆ ತಂದು ಬೆಳೆಸಿದರು. ಅನಂತ ಚತುರ್ದಶಿಯ ದಿನ ಊರಿಗೆ ಊರೇ ಗಿರ್ಗಾಂವ್ ಚೌಪಾಟಿಯ ಕಡೆ ಹರಿಯುತ್ತೆ. 1989ರಲ್ಲಿ ಸಿಂಗ್ ಅಲ್ಲಿ ತೆಗೆದ ಗಣಪತಿ ವಿಸರ್ಜನೆಯ ಚಿತ್ರ ಬಹಳ ಪ್ರಸಿದ್ಧ. ಅದೇ ವರ್ಷಗಳಲ್ಲಿ ಅವರು ಝವೇರಿ ಬಜಾರಿನ ಒಡವೆ ಅಂಗಡಿ, ಕ್ರಾಫರ್ಡ್ ಮಾರ್ಕೆಟ್, ವಿಕ್ಟೋರಿಯಾ ಟರ್ಮಿನಸ್ ಎಲ್ಲ ಕಡೆ ಓಡಾಡಿದರು. ಒಡವೆ ಅಂಗಡಿಯ ಗಾಜಿನೊಳಗೆ ಹೊರಗಿನ ಬೀದಿ, ಬೀದಿಯ ಜನರ ಮೇಲೆ ಒಳಗಿನ ಥಳುಕು. ಇಲ್ಲಿ ಹಬ್ಬಕ್ಕೊಂದು ಆಲ್ಬಂ, ವ್ಯಾಪಾರಕ್ಕೊಂದು ಆಲ್ಬಂ ಅಂತ ಬೇರೆ ಮಾಡೋಕೇ ಬರಲ್ಲ. 1994ರಲ್ಲಿ ಬೊಂಬಾಯಿಯ ಪುಸ್ತಕ ಬಂದಾಗ ಅದರಲ್ಲಿ ವಿ. ಎಸ್. ನೈಪಾಲ್ ಜೊತೆಗಿನ ಮಾತುಕತೆಯೂ ಇತ್ತು.

ನಮಗೆ ಸಿಂಗ್ ಮುಖ್ಯ ಅನ್ನಿಸೋದು ಇಲ್ಲೇ. ನಮ್ಮ ಫೋನುಗಳಲ್ಲಿ ಪೋರ್ಟ್ರೇಟ್ ಮೋಡ್ ಅಂತ ಒಂದಿದೆ. ಗಣಪತಿಯ ಮುಖ ಸ್ಪಷ್ಟ, ಹಿಂದಿನದೆಲ್ಲ ಮಸುಕು. ನೋಡೋಕೆ ಚೆಂದ. ಆದರೆ ಆ ಮಸುಕಿನಲ್ಲಿ ಹೋಗಿದ್ದು ಏನು? ಪೆಂಡಾಲ್ ಕಟ್ಟಿದವರು, ಚಂದಾ ಎತ್ತಿದ ಹುಡುಗರು, ಎದುರಿನ ಬೇಕರಿ, ತಲೆ ಮೇಲಿನ ಕೇಬಲ್ ವೈರು, ಎಲೆಕ್ಷನ್ ಫ್ಲೆಕ್ಸು, ಹೂ ಮಾರುವ ಅಜ್ಜಿ. ಅಂದರೆ ಹಬ್ಬ ಮಾಡಿದವರೆಲ್ಲ ಹೋದರು, ಉಳಿದದ್ದು ಮೂರ್ತಿ ಮಾತ್ರ. ಆ ಚಿತ್ರ ಯಾವ ಊರಿನದು, ಯಾವ ವರ್ಷದ್ದು ಅಂತ ಇಪ್ಪತ್ತು ವರ್ಷ ಬಿಟ್ಟು ಹೇಳೋಕೆ ಆಗುತ್ತಾ? ಸಿಂಗ್ ಅವರ ಚೌಕಟ್ಟಿನಲ್ಲಿ ಎದುರಿನವರೂ ಕಾಣ್ತಾರೆ, ಹಿಂದಿನವರೂ ಕಾಣ್ತಾರೆ, ಅಂಚಿನಲ್ಲಿ ಅರ್ಧ ಕತ್ತರಿಸಿ ಹೋದವರೂ ಕಾಣ್ತಾರೆ. ಕಣ್ಣು ಒಂದೇ ಕಡೆ ನಿಲ್ಲಲ್ಲ. ನಮ್ಮ ಜಾತ್ರೆಯಲ್ಲಿ ನಿಂತಾಗ ಆಗೋದೂ ಅದೇ ಅಲ್ವಾ?

ಅವರ ಮೇಲೆ ಟೀಕೆ ಇರಲಿಲ್ಲ ಅಂತಲ್ಲ. ಇಷ್ಟು ಚೆಂದದ ಬಣ್ಣದಲ್ಲಿ ತೋರಿಸಿದರೆ ಬಡತನವೂ ಚೆಂದ ಕಾಣುತ್ತೆ ಅನ್ನುವ ಆಕ್ಷೇಪ ಇಂಥ ಚಿತ್ರಗಳ ಬೆನ್ನಿಗೇ ಇದೆ. ಅದನ್ನ ತಳ್ಳಿಹಾಕೋಕೆ ಆಗಲ್ಲ. ಹಾಂಕಾಂಗ್, ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಅಂತ ಹೊರಗೇ ಮನೆ ಮಾಡಿ, ಪುಸ್ತಕದ ಮೇಲೆ ಪುಸ್ತಕ ಭಾರತದ ಬಗ್ಗೆಯೇ ಮಾಡಿದವರು ಅವರು. ಹೊರಗಿದ್ದು ಒಳಗನ್ನ ನೋಡುವಾಗ ಊರು ಇರೋದಕ್ಕಿಂತ ಚೆಂದ ಕಾಣೋದು ಸಹಜ. ಆದರೆ 1967ರ ಮುಂಗೇರಿನ ಮಳೆಯ ಚಿತ್ರ ನೋಡಿ. ಗಂಗೆಯ ದಡದ ಊರದು. ನಾಲ್ವರು ಹೆಂಗಸರು ಒದ್ದೆ ಸೀರೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದಾರೆ. ಅಲ್ಲಿ ಬಣ್ಣ ಇದೆ, ಹಾಗಂತ ಚಳಿ ಕಡಿಮೆಯಾಗಿಲ್ಲ. ಅವರನ್ನ ಕಪ್ಪು-ಬಿಳುಪಿನಲ್ಲಿ ತೋರಿಸಿದ್ದರೆ ನಾವು ಅಯ್ಯೋ ಪಾಪ ಅಂದು ಪುಟ ತಿರುಗಿಸುತ್ತಿದ್ದೆವೋ ಏನೋ. ಬಣ್ಣದಲ್ಲಿ ಅವರು ನಮ್ಮ ಪಕ್ಕದ ಬಸ್‌ಸ್ಟಾಪಿನಲ್ಲಿ ಮಳೆಗೆ ಸಿಕ್ಕವರ ಹಾಗೇ ಕಾಣ್ತಾರೆ.

1983ರಲ್ಲಿ ಸಿಂಗ್‌ಗೆ ಪದ್ಮಶ್ರೀ ಬಂತು. ಕೊನೆಯ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿದ್ದು ಪಾಠವನ್ನೂ ಮಾಡಿದರು. ಗ್ರಾಂಡ್ ಟ್ರಂಕ್ ರಸ್ತೆಯ ಮೇಲೆ ಪುಸ್ತಕ ಮಾಡಿದರು, ಆಮೇಲೆ ಅಂಬಾಸಿಡರ್ ಕಾರನ್ನೇ ವಿಷಯ ಮಾಡಿಕೊಂಡರು. ಕಾರಿನ ಕಿಟಕಿ, ಬಾಗಿಲು, ಕನ್ನಡಿ ಇವೇ ಚೌಕಟ್ಟು, ಆಚೆ ಇಡೀ ದೇಶ. ಆ ಪುಸ್ತಕ ಅಚ್ಚಾದದ್ದನ್ನ ಅವರು ನೋಡಲಿಲ್ಲ. 1999ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 56 ಅಷ್ಟೇ. 'ಎ ವೇ ಇನ್‌ಟು ಇಂಡಿಯಾ' ಹೊರಬಂದದ್ದು 2002ರಲ್ಲಿ. ಅವರ ಕಾಲದ ಆ ಕೊಡಾಕ್ರೋಮ್ ತಯಾರಿಕೆಯೂ 2009ರಲ್ಲಿ ನಿಂತುಹೋಯಿತು.

ಒಂದು ವಿಷಯವನ್ನ ಮುಚ್ಚಿಟ್ಟು ಈ ಪರಿಚಯ ಮುಗಿಸೋದು ನಮಗೆ ಸರಿ ಅನ್ನಿಸಲ್ಲ. 2017ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ನಡೆಸಿದಾಗ, ಒಬ್ಬ ಕಲಾವಿದೆ ಮ್ಯೂಸಿಯಂ ಮುಂದೆ ಪ್ರತಿಭಟನೆ ಮಾಡಿದರು. ವರ್ಷಗಳ ಹಿಂದೆ ಸಿಂಗ್ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದರು ಅನ್ನೋದು ಅವರ ಆರೋಪ. ಆ ಹೊತ್ತಿಗೆ ಸಿಂಗ್ ತೀರಿಕೊಂಡು 18 ವರ್ಷ ಆಗಿತ್ತು. ಉತ್ತರ ಕೊಡೋಕೆ ಅವರಿಲ್ಲ, ತೀರ್ಪು ಕೊಡೋಕೆ ನಾವು ಯಾರೂ ಅಲ್ಲ. ಆದರೆ ಹಿಂದೆ ನಿಂತವರನ್ನ ಮಸುಕು ಮಾಡಬಾರದು ಅಂತ ಇಷ್ಟು ಹೊತ್ತು ಹೇಳಿದ ನಾವು, ಆ ಹೆಣ್ಣುಮಗಳ ಮಾತನ್ನ ಚೌಕಟ್ಟಿನಿಂದ ಹೊರಗಿಡೋದು ಹೇಗೆ? ಚಿತ್ರಗಳನ್ನ ನೋಡೋಣ, ಕಲಿಯೋಣ. ಮನುಷ್ಯನನ್ನ ದೇವರು ಮಾಡೋದು ಬೇಡ.

ಕೊನೆಗೆ ಒಂದು ಕೋರಿಕೆ. ಮುಂದಿನ ಸಂಚಿಕೆಗೆ ಹಬ್ಬದ ಚಿತ್ರಗಳನ್ನ ಕಳಿಸುವವರು ಈ ಸಲ ಒಂದು ಪ್ರಯೋಗ ಮಾಡಿ. ಇಡೀ ದಿನಕ್ಕೆ 36 ಚಿತ್ರ ಮಾತ್ರ. ಪೋರ್ಟ್ರೇಟ್ ಮೋಡ್ ಬೇಡ, ಕ್ರಾಪ್ ಮಾಡೋದೂ ಬೇಡ. ಎದುರಿಗಿರುವವರ ಮುಖ ತೆಗೆಯುವ ಮುಂಚೆ ಒಂದು ಮಾತು ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಗರ್ಭಗುಡಿಗೆ ಬೆನ್ನು ಮಾಡಿ ಬೀದಿ ಕಡೆ ತಿರುಗಿ, ಬೆಳಕು ಎಲ್ಲಿ ಬೀಳ್ತಿದೆ ನೋಡಿ, ಅಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಚಿತ್ರದ ಕೆಳಗೆ ಊರು, ಬೀದಿ, ತಾರೀಖು ಮೂರನ್ನೂ ಬರೆದು ಕಳಿಸಿ. ಇಪ್ಪತ್ತು ವರ್ಷದ ನಂತರ ಈ ಕ್ಲಬ್ಬಿಗೆ ಬರುವ ಹುಡುಗರು, ಹುಡುಗಿಯರು ಆ ಚಿತ್ರ ತೆರೆದಾಗ ಅವರಿಗೆ ಮೂರ್ತಿ ಎಷ್ಟು ಎತ್ತರ ಇತ್ತು ಅನ್ನೋದರ ಜೊತೆಗೆ, ನಾವು ಎಂಥ ಬೀದಿಯಲ್ಲಿ, ಯಾರ್ಯಾರ ಜೊತೆ ಹಬ್ಬ ಮಾಡ್ತಿದ್ದೆವು ಅನ್ನೋದೂ ಗೊತ್ತಾಗಲಿ.